ಸರ್ವರ್ ಯಾರ ಮಾತು ಕೇಳುತ್ತದೆ?

ಸರ್ವರ್ ಕೆಲಸ ಕಲಿಯುತ್ತಿರುವವರು ನನ್ನ ಹತ್ತಿರ ತರುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ಒಂದೇ ಥರದವು. "ಫೈಲ್‌ನಲ್ಲಿ ಸರಿಯಾಗೇ ಬರೆದಿದ್ದೀನಿ, ಆದ್ರೂ ಅದು ಕೇಳ್ತಾ ಇಲ್ಲ." ಫೈಲ್ ತೆಗೆದು ನೋಡಿದರೆ ಅವರು ಬರೆದಿದ್ದು ನಿಜಕ್ಕೂ ಸರಿಯಾಗೇ ಇರುತ್ತದೆ. ಸ್ಪೆಲ್ಲಿಂಗ್ ಸರಿ, ಜಾಗ ಸರಿ, ಕೊಟ್ಟ ವ್ಯಾಲ್ಯೂ ಸರಿ. ಆದರೆ ಅದೇ ಸೆಟ್ಟಿಂಗ್ ಇನ್ನೆಲ್ಲೋ ಇನ್ನೊಂದು ಫೈಲ್‌ನಲ್ಲೂ ಕೂತಿರುತ್ತದೆ, ಸಾಫ್ಟ್‌ವೇರ್ ಆ ಫೈಲಿನ ಮಾತು ಕೇಳುತ್ತಿರುತ್ತದೆ. ಆಗ ನಮ್ಮ ಫೈಲನ್ನು ಎಷ್ಟು ಸಲ ತಿದ್ದಿದರೂ ಅಷ್ಟೇ.

ಏನು ಬರೆಯಬೇಕು ಅನ್ನೋದು ಮ್ಯಾನ್ಯುಯಲ್‌ನಲ್ಲಿ ಸಿಗುತ್ತದೆ, ಹುಡುಕಿದರೆ ಹತ್ತು ಕಡೆ ಸಿಗುತ್ತದೆ. ಎರಡು ಕಡೆ ಎರಡು ಥರ ಬರೆದಿದ್ದರೆ ಯಾರದ್ದು ನಡೆಯುತ್ತದೆ ಅನ್ನೋದನ್ನ ಮಾತ್ರ ಯಾರೂ ಮೊದಲ ದಿನ ಹೇಳಿಕೊಡುವುದಿಲ್ಲ. ಕಮಾಂಡ್ ಲೈನ್‌ನಿಂದ ಸರ್ವರ್ ನೋಡಿಕೊಳ್ಳುವವರು ಮೊದಲು ಕಲಿಯಬೇಕಾದದ್ದೇ ಅದು ಅಂತ ನನಗೆ ಅನಿಸುತ್ತದೆ.

ನಾನು ಕೆಲಸ ಮಾಡುವುದು ಚಿಕ್ಕಮಗಳೂರಿನಲ್ಲಿ ಕೂತು. ನೋಡಿಕೊಳ್ಳುವ ಸರ್ವರ್‌ಗಳು ಮುಂಬೈಯಲ್ಲಿವೆ, ಕೆಲವು ಇನ್ನೂ ದೂರದಲ್ಲಿವೆ. 2020ರ ನಂತರ ಬೆಂಗಳೂರು ಬಿಟ್ಟು ಊರಿಗೆ ಬಂದು ಹೀಗೇ ಕೆಲಸ ಮಾಡುವವರು ಇಲ್ಲೂ ಇದ್ದಾರೆ, ಹಾಸನದಲ್ಲೂ ಇದ್ದಾರೆ, ಆಲ್ದೂರು ಮೂಡಿಗೆರೆ ಕಡೆ ತೋಟದ ಮನೆಯಲ್ಲಿ ಕೂತು ಮಾಡುವವರೂ ಇದ್ದಾರೆ. ನಮಗೆಲ್ಲ ಸೆಟ್ಟಿಂಗ್ಸ್ ವಿಷಯ ಸ್ವಲ್ಪ ಜಾಸ್ತಿನೇ ಮುಖ್ಯ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಫೈಬರ್ ಹೋಗುತ್ತದೆ, ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಕೆಲಸ ಮುಂದುವರಿಸಬೇಕಾಗುತ್ತದೆ. ಸರಿಯಾದ ಸೆಟ್ಟಿಂಗ್ ಇದ್ದರೆ ಆ ದಿನ ಕೆಲಸ ನಡೆಯುತ್ತದೆ, ಇಲ್ಲದಿದ್ದರೆ ಪರದೆ ಮರಗಟ್ಟಿ ಕೂತುಬಿಡುತ್ತದೆ.

ಸಾಮಾನ್ಯವಾಗಿ ಒಂದು ಸೆಟ್ಟಿಂಗ್ ನಾಲ್ಕು ಕಡೆಯಿಂದ ಬರಬಹುದು. ಸಾಫ್ಟ್‌ವೇರ್ ಬರೆದವರೇ ಒಳಗೆ ಇಟ್ಟಿರುವ ಡೀಫಾಲ್ಟ್. ಇಡೀ ಮಶೀನಿಗೆ ಅನ್ವಯಿಸುವ ಫೈಲ್, ಅದು ಹೆಚ್ಚಾಗಿ ಇಟಿಸಿ ಫೋಲ್ಡರ್ ಒಳಗಿರುತ್ತದೆ. ನಮ್ಮ ಹೋಮ್ ಫೋಲ್ಡರ್‌ನ ಅಥವಾ ಪ್ರಾಜೆಕ್ಟಿನ ಫೈಲ್. ಕೊನೆಗೆ ಎನ್ವಿರಾನ್‌ಮೆಂಟ್ ವೇರಿಯಬಲ್ (ಶೆಲ್‌ನಲ್ಲಿ ಒಂದು ಹೆಸರಿಗೆ ಇಟ್ಟಿರುವ ವ್ಯಾಲ್ಯೂ) ಮತ್ತು ಕಮಾಂಡ್ ಜೊತೆಯಲ್ಲೇ ಕೊಡುವ ಆಪ್ಷನ್. ಹತ್ತಿರದ್ದು ದೂರದ್ದನ್ನು ಗೆಲ್ಲುತ್ತದೆ, ಅಂದರೆ ಕೈಯಲ್ಲಿ ಟೈಪ್ ಮಾಡಿದ ಆಪ್ಷನ್ ಎಲ್ಲಕ್ಕಿಂತ ಮೇಲು ಅಂತ ಎಲ್ಲರೂ ಅಂದುಕೊಂಡಿರುತ್ತೇವೆ. ಬಹುಪಾಲು ನಿಜ. ಆದರೆ ಎಲ್ಲ ಕಡೆ ನಿಜ ಅಲ್ಲ, ಅಲ್ಲೇ ಜನ ಸಿಕ್ಕಿಹಾಕಿಕೊಳ್ಳುವುದು.

ದೂರದ ಸರ್ವರ್ ಒಳಗೆ ಹೋಗಿ ಕೆಲಸ ಮಾಡಲು ಎಲ್ಲರೂ ಬಳಸುವ ಎಸ್‌ಎಸ್‌ಎಚ್‌ನಿಂದಲೇ ಶುರು ಮಾಡುತ್ತೇನೆ. 1995ರಲ್ಲಿ ಫಿನ್‌ಲೆಂಡಿನ ತಾತು ಯೂಲೋನೆನ್ ಇದನ್ನು ಬರೆದರು. ನಾವು ಇವತ್ತು ಬಳಸುವ ಓಪನ್‌ಎಸ್‌ಎಸ್‌ಎಚ್ 1999ರಲ್ಲಿ ಓಪನ್‌ಬಿಎಸ್‌ಡಿ ತಂಡದಿಂದ ಬಂತು. ಇದು ಮೊದಲು ಕಮಾಂಡ್ ಆಪ್ಷನ್ ನೋಡುತ್ತದೆ, ಆಮೇಲೆ ಹೋಮ್ ಫೋಲ್ಡರ್‌ನ ಡಾಟ್ ಎಸ್‌ಎಸ್‌ಎಚ್ ಒಳಗಿನ ಕಾನ್ಫಿಗ್ ಫೈಲ್, ಆಮೇಲೆ ಇಟಿಸಿ ಒಳಗಿನದ್ದು. ಇಲ್ಲಿಯ ನಿಯಮ ಏನೆಂದರೆ, ಯಾವ ಸೆಟ್ಟಿಂಗ್ ಆದರೂ ಸರಿ, ಮೊದಲು ಕಣ್ಣಿಗೆ ಬಿದ್ದ ವ್ಯಾಲ್ಯೂನೇ ಅಂತಿಮ. ಆಮೇಲೆ ಕೆಳಗೆ ಏನೇ ಬರೆದಿದ್ದರೂ ಅದು ತಿರುಗಿ ನೋಡುವುದಿಲ್ಲ.

ಇದರಿಂದ ಆಗುವ ಪರಿಣಾಮ ದೊಡ್ಡದು. ಎಲ್ಲ ಸರ್ವರ್‌ಗೂ ಅನ್ವಯಿಸಲಿ ಅಂತ 'ಹೋಸ್ಟ್' ಮುಂದೆ ನಕ್ಷತ್ರ ಚಿಹ್ನೆ ಹಾಕಿ ಒಂದು ಭಾಗ ಬರೆಯುತ್ತೇವಲ್ಲ, ಅದನ್ನು ಫೈಲಿನ ತಲೆಯಲ್ಲಿ ಇಟ್ಟರೆ ಕೆಲಸ ಕೆಟ್ಟಿತು. ಅದರಲ್ಲಿ ಯೂಸರ್ ಹೆಸರು ಉಬುಂಟು ಅಂತ ಇದ್ದು, ಕೆಳಗೆ ಒಂದು ನಿರ್ದಿಷ್ಟ ಸರ್ವರ್‌ಗೆ ಡೆಪ್ಲಾಯ್ ಅಂತ ಬರೆದಿದ್ದರೆ, ಆ ಸರ್ವರ್‌ಗೂ ಉಬುಂಟು ಹೆಸರಲ್ಲೇ ಹೋಗುತ್ತದೆ. ಸಾಮಾನ್ಯದ್ದು ಮೇಲೆ, ವಿಶೇಷದ್ದು ಕೆಳಗೆ ಅಂತ ಬರೆಯುವುದು ನಮಗೆಲ್ಲ ರೂಢಿ. ಇಲ್ಲಿ ಅದನ್ನು ತಿರುಗಿಸಬೇಕು. ವಿಶೇಷದ್ದೆಲ್ಲ ಮೇಲೆ, ನಕ್ಷತ್ರದ ಭಾಗ ಕಟ್ಟಕಡೆಗೆ.

ಹಾಗಾದರೆ ಒಂದು ಸರ್ವರ್‌ಗೆ ಕೊನೆಗೆ ಏನು ಅನ್ವಯ ಆಯಿತು ಅಂತ ತಿಳಿಯುವುದು ಹೇಗೆ? ಎಸ್‌ಎಸ್‌ಎಚ್‌ಗೆ ಮೈನಸ್ ದೊಡ್ಡ ಜಿ ಅಂತ ಒಂದು ಆಪ್ಷನ್ ಇದೆ. ಅದನ್ನು ಕೊಟ್ಟು ಸರ್ವರ್ ಹೆಸರು ಬರೆದರೆ ಅದು ಸಂಪರ್ಕಕ್ಕೇ ಹೋಗುವುದಿಲ್ಲ. ಎಲ್ಲ ಫೈಲ್ ಓದಿ, ಎಲ್ಲ ನಿಯಮ ಹಾಕಿ, ಕೊನೆಗೆ ಉಳಿದ ಪಟ್ಟಿಯನ್ನು ಮಾತ್ರ ಪರದೆ ಮೇಲೆ ಇಡುತ್ತದೆ. ಯೂಸರ್ ಯಾರು, ಪೋರ್ಟ್ ಯಾವುದು, ಯಾವ ಕೀ ಫೈಲ್, ಮಧ್ಯೆ ಯಾವ ಜಂಪ್ ಸರ್ವರ್ (ದಾರಿಯಲ್ಲಿ ದಾಟಿ ಹೋಗಬೇಕಾದ ಇನ್ನೊಂದು ಸರ್ವರ್) ಮೂಲಕ ಹೋಗುತ್ತದೆ, ಎಲ್ಲ ಒಂದೊಂದು ಸಾಲು. ಎಲ್ಲಿಂದ ಬಂತು ಅಂತ ಅದು ಹೇಳುವುದಿಲ್ಲ, ಅದಕ್ಕೆ ಮೈನಸ್ ಸಣ್ಣ ವಿ ಇದೆ. ಅದನ್ನು ಕೊಟ್ಟು ಕನೆಕ್ಟ್ ಮಾಡಿದರೆ ಮೊದಲ ಕೆಲವು ಸಾಲುಗಳಲ್ಲೇ ಯಾವ ಯಾವ ಫೈಲ್ ಓದುತ್ತಿದೆ, ಎಷ್ಟನೇ ಸಾಲಿನಿಂದ ಯಾವ ಭಾಗ ಅನ್ವಯಿಸುತ್ತಿದೆ ಅಂತ ಬರುತ್ತದೆ. ತೋಟ ಕೊಳ್ಳುವ ಮೊದಲು ನಮ್ಮ ಕಡೆ ಪಹಣಿ ತೆಗೆಸಿ ನೋಡುತ್ತಾರೆ, ಬಾಯಿಮಾತಿನ ಮೇಲೆ ದುಡ್ಡು ಕೊಡುವುದಿಲ್ಲ. ಮೈನಸ್ ದೊಡ್ಡ ಜಿ ಅಂದರೆ ಅದೇ. ಫೈಲ್ ತಿದ್ದುವ ಮೊದಲು ಒಂದು ಸಲ, ತಿದ್ದಿದ ಮೇಲೆ ಒಂದು ಸಲ ಅದನ್ನು ಓಡಿಸಿ, ಎರಡೂ ಪಟ್ಟಿಯನ್ನು ಡಿಫ್ ಮಾಡಿ, ಅಂದರೆ ಯಾವ ಸಾಲು ಬೇರೆ ಇದೆ ಅಂತ ಹೋಲಿಸಿ ನೋಡಿ. ಬದಲಾಗಬೇಕಾದ ಸಾಲು ಮಾತ್ರ ಬದಲಾಗಿದ್ದರೆ ಸರಿ.

ಈಗ ಮಳೆಗಾಲದ ವಿಷಯಕ್ಕೆ ಬರೋಣ, ಇದರ ಬಗ್ಗೆ ನನಗೆ ಹೇಳುವುದು ಜಾಸ್ತಿ ಇದೆ. ಸರ್ವರ್‌ಅಲೈವ್‌ಇಂಟರ್ವಲ್ ಅಂತ ಒಂದು ಸೆಟ್ಟಿಂಗ್ ಇದೆ. ಇಷ್ಟು ಸೆಕೆಂಡು ಆ ಕಡೆಯಿಂದ ಏನೂ ಬರದಿದ್ದರೆ "ಇದ್ದೀಯಾ?" ಅಂತ ಒಂದು ಸಂದೇಶ ಕಳಿಸು ಅಂತ ಅರ್ಥ. ಇದರ ಡೀಫಾಲ್ಟ್ 0, ಅಂದರೆ ಕೇಳುವುದೇ ಇಲ್ಲ. ಇದರ ಜೊತೆಗಾರ ಸರ್ವರ್‌ಅಲೈವ್‌ಕೌಂಟ್‌ಮ್ಯಾಕ್ಸ್, ಡೀಫಾಲ್ಟ್ 3. ಅಷ್ಟು ಸಲ ಕೇಳಿಯೂ ಉತ್ತರ ಬರದಿದ್ದರೆ ಸಂಪರ್ಕ ಕಡಿದುಹಾಕುತ್ತದೆ. ಎಲ್ಲೋ ನೋಡಿ 15 ಅಂತ ಹಾಕಿಕೊಂಡರೆ, 15 ಸೆಕೆಂಡಿನಂತೆ 3 ಸಲ, ಮುಕ್ಕಾಲು ನಿಮಿಷಕ್ಕೆ ಕಥೆ ಮುಗಿಯಿತು.

ದೊಡ್ಡ ಊರಿನ ಆಫೀಸಿನಲ್ಲಿ ಇದು ಒಳ್ಳೆಯ ವ್ಯಾಲ್ಯೂ ಇರಬಹುದು. ಇಲ್ಲಿ ಹಾಗಲ್ಲ. ಮಳೆಯಲ್ಲಿ ಲೈನ್ ಒಂದು ನಿಮಿಷ ಹೋಗಿ ವಾಪಸ್ ಬರುವುದು ಮಾಮೂಲಿ. ನಿಮ್ಮ ಐಪಿ ವಿಳಾಸ ಬದಲಾಗದಿದ್ದರೆ ಟಿಸಿಪಿ ಸಂಪರ್ಕ ಅಷ್ಟು ಹೊತ್ತು ಸುಮ್ನೆ ಕಾಯುತ್ತದೆ, ಲೈನ್ ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ನಾವೇ ಮುಕ್ಕಾಲು ನಿಮಿಷಕ್ಕೆ ಕಡಿ ಅಂತ ಹೇಳಿಟ್ಟಿದ್ದರೆ ಉಳಿಯಬಹುದಾಗಿದ್ದ ಸಂಪರ್ಕವನ್ನು ಕೈಯಾರೆ ಕೊಂದ ಹಾಗೆ. ಹಾಗಂತ 0 ಇಟ್ಟರೂ ಕಷ್ಟ. ಮೊಬೈಲ್ ಡೇಟಾದಲ್ಲಿ ಮಧ್ಯದ ನ್ಯಾಟ್ ಉಪಕರಣ (ಹಲವರನ್ನು ಒಂದೇ ಐಪಿ ವಿಳಾಸದಿಂದ ಹೊರಗೆ ಕಳಿಸುವುದು) ಸ್ವಲ್ಪ ಹೊತ್ತು ಏನೂ ಓಡಾಡದ ಸಂಪರ್ಕವನ್ನು ಮರೆತುಬಿಡುತ್ತದೆ. ನೀವು ಕಾಫಿ ಕುಡಿದು ಬರುವಷ್ಟರಲ್ಲಿ ಟರ್ಮಿನಲ್ ಕಿಟಕಿ ಸತ್ತಿರುತ್ತದೆ, ಸತ್ತಿದೆ ಅಂತಲೂ ಅದು ಹೇಳುವುದಿಲ್ಲ. ಆದ್ದರಿಂದ ಕೇಳುತ್ತಿರಬೇಕು, ಆದರೆ ಬೇಗ ಕೈಬಿಡಬಾರದು. ನಾನು ಇಂಟರ್ವಲ್ 30, ಕೌಂಟ್ 10 ಇಟ್ಟುಕೊಂಡಿದ್ದೇನೆ. ಐದು ನಿಮಿಷ ತಡೆದುಕೊಳ್ಳುತ್ತದೆ.

ಇಲ್ಲಿ ಇನ್ನೊಂದು ಗಂಟಿದೆ. ಕಂಟ್ರೋಲ್‌ಮಾಸ್ಟರ್ ಅಂತ ಒಂದು ಸೌಲಭ್ಯ ಇದೆ. ಮೊದಲ ಸಂಪರ್ಕವನ್ನು ತೆರೆದಿಟ್ಟುಕೊಂಡು, ಅದೇ ಸರ್ವರ್‌ಗೆ ಆಮೇಲೆ ಮಾಡುವ ಎಲ್ಲ ಸಂಪರ್ಕಗಳನ್ನೂ ಅದರ ಒಳಗಿನಿಂದಲೇ ಕಳಿಸುವುದು. ಕಂಟ್ರೋಲ್‌ಪರ್ಸಿಸ್ಟ್‌ಗೆ 10 ನಿಮಿಷ ಕೊಟ್ಟರೆ ಕಿಟಕಿ ಮುಚ್ಚಿದ ಮೇಲೂ ಅಷ್ಟು ಹೊತ್ತು ಅದು ಹಿನ್ನೆಲೆಯಲ್ಲಿ ಬದುಕಿರುತ್ತದೆ. ನಿಧಾನದ ನೆಟ್‌ವರ್ಕ್‌ನಲ್ಲಿ ಇದು ದೊಡ್ಡ ಉಪಕಾರ, ಪ್ರತಿ ಸಲ ಕೀ ವಿನಿಮಯ ಎಲ್ಲ ಮೊದಲಿಂದ ಮಾಡುವ ಅಗತ್ಯ ಇಲ್ಲ. ಆದರೆ ಫೈಬರ್ ಹೋಗಿ ಹಾಟ್‌ಸ್ಪಾಟ್‌ಗೆ ಬದಲಾಯಿಸಿದಿರಿ ಅಂದುಕೊಳ್ಳಿ. ಐಪಿ ಬದಲಾಯಿತು, ಹಳೆಯ ಮಾಸ್ಟರ್ ಇನ್ನು ಎಂದೂ ಎದ್ದೇಳುವುದಿಲ್ಲ. ಆದರೆ ಅದರೊಳಗೆ ಹೋಗುವ ಬಾಗಿಲಿನಂತಿರುವ ಸಾಕೆಟ್ ಫೈಲ್ ಹಾಗೇ ಇದೆ, ಹೊಸದಾಗಿ ಎಸ್‌ಎಸ್‌ಎಚ್ ಅಂತ ಹೊಡೆದರೆ ಅದು ಆ ಸತ್ತ ಮಾಸ್ಟರ್‌ನ ಒಳಗೇ ನುಗ್ಗಿ ಅಲ್ಲೇ ಕೂರುತ್ತದೆ. ನಾನು ಮೇಲೆ ಹೇಳಿದ ಐದು ನಿಮಿಷದ ತಾಳ್ಮೆ ಇಲ್ಲಿ ಐದು ನಿಮಿಷದ ಶಿಕ್ಷೆ ಆಗುತ್ತದೆ. ನೆಟ್ ಇದೆ, ಬ್ರೌಸರ್ ಓಡುತ್ತಿದೆ, ಸರ್ವರ್ ಮಾತ್ರ ಬರುತ್ತಿಲ್ಲ ಅಂತ ಜನ ಸರ್ವರ್ ಮೇಲೆ ಅನುಮಾನ ಪಡುತ್ತಾರೆ.

ಪರಿಹಾರ ಸುಲಭ. ಮೈನಸ್ ದೊಡ್ಡ ಓ ಆಪ್ಷನ್‌ಗೆ 'ಎಕ್ಸಿಟ್' ಅಂತ ಕೊಟ್ಟು ಸರ್ವರ್ ಹೆಸರು ಬರೆದರೆ ಹಳೆಯ ಮಾಸ್ಟರ್ ಹೋಗುತ್ತದೆ, ಮುಂದಿನ ಸಲ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಅಥವಾ ಆ ಒಂದು ಸಲಕ್ಕೆ ಕಂಟ್ರೋಲ್‌ಪಾತ್ ಸೆಟ್ಟಿಂಗ್ 'ನನ್' ಅಂತ ಮೈನಸ್ ಸಣ್ಣ ಓ ಮೂಲಕ ಕಮಾಂಡ್‌ನಲ್ಲೇ ಕೊಡಬಹುದು, ಕಮಾಂಡ್ ಆಪ್ಷನ್ ಮೊದಲು ಕಣ್ಣಿಗೆ ಬೀಳುವುದರಿಂದ ಫೈಲಿನದ್ದು ಸೋಲುತ್ತದೆ. ಹಾಟ್‌ಸ್ಪಾಟಿಗೂ ಫೈಬರಿಗೂ ದಿನಾ ಓಡಾಡುವವರು ಮಾಸ್ಟರ್ ಬೇಡ ಅಂತಲೇ ತೀರ್ಮಾನ ಮಾಡಿದರೆ ತಪ್ಪಿಲ್ಲ. ಅವರಿಗೆ ಎಸ್‌ಎಸ್‌ಎಚ್ ಥರದ್ದೇ ಇನ್ನೊಂದು ಟೂಲ್, ಮಾಶ್ ಒಳ್ಳೆಯದು. 2012ರಲ್ಲಿ ಎಂಐಟಿಯಿಂದ ಬಂದದ್ದು, ಲಾಗಿನ್‌ಗೆ ಎಸ್‌ಎಸ್‌ಎಚ್ ಬಳಸಿ ಆಮೇಲೆ ಯುಡಿಪಿಗೆ ಹೋಗುತ್ತದೆ, ಐಪಿ ಬದಲಾದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸರ್ವರ್ ಫೈರ್‌ವಾಲ್‌ನಲ್ಲಿ 60000ದಿಂದ 61000ದವರೆಗಿನ ಯುಡಿಪಿ ಪೋರ್ಟ್‌ಗಳಲ್ಲಿ ಕೆಲವನ್ನು ತೆರೆಯಬೇಕು, ಅದಕ್ಕೆ ಎಲ್ಲ ಕಂಪನಿಗಳೂ ಒಪ್ಪುವುದಿಲ್ಲ. ಏನೇ ಆದರೂ ಆ ಕಡೆ ಟಿಮಕ್ಸ್ (ಸರ್ವರ್‌ನಲ್ಲೇ ಟರ್ಮಿನಲ್ ಕಿಟಕಿಗಳನ್ನು ಹಿಡಿದಿಡುವ ಟೂಲ್) ಒಳಗೆ ಕೆಲಸ ಮಾಡಿ. ಸಂಪರ್ಕ ಸತ್ತರೂ ಓಡುತ್ತಿದ್ದ ಕೆಲಸ ಸಾಯುವುದಿಲ್ಲ.

ಇಷ್ಟು ನಮ್ಮ ಲ್ಯಾಪ್‌ಟಾಪ್ ಕಡೆಯದ್ದಾಯಿತು. ಸರ್ವರ್ ಕಡೆ ಕೂತು ಲಾಗಿನ್‌ಗಳನ್ನು ಒಳಗೆ ಬಿಡುವ ಎಸ್‌ಎಸ್‌ಎಚ್‌ಡಿಗೂ ಮೊದಲು ಸಿಕ್ಕಿದ್ದೇ ಅಂತಿಮ ಅನ್ನುವ ನಿಯಮವೇ. ಹಾಸನದ ಒಬ್ಬ ಹುಡುಗ ಕಳೆದ ಮಳೆಗಾಲದಲ್ಲಿ ಫೋನ್ ಮಾಡಿದ್ದ. ಉಬುಂಟು ಸರ್ವರ್, ಪಾಸ್‌ವರ್ಡ್ ಲಾಗಿನ್ ನಿಲ್ಲಿಸಬೇಕಿತ್ತು. ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಫೈಲ್ ತೆಗೆದು ಪಾಸ್‌ವರ್ಡ್‌ಆಥೆಂಟಿಕೇಶನ್ 'ನೋ' ಅಂತ ಮಾಡಿದ್ದಾನೆ, ರೀಸ್ಟಾರ್ಟ್ ಮಾಡಿದ್ದಾನೆ, ಆದರೂ ಪಾಸ್‌ವರ್ಡ್ ಕೇಳುತ್ತಿದೆ, ಕೊಟ್ಟರೆ ಒಳಗೂ ಬಿಡುತ್ತಿದೆ. ಅವನು ಸಾಲನ್ನು ಕಾಪಿ ಮಾಡಿ ಕಳಿಸಿದ. ಸಾಲಿನಲ್ಲಿ ತಪ್ಪೇ ಇಲ್ಲ.

ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿ ಎಸ್‌ಎಸ್‌ಎಚ್‌ಡಿ ಮೈನಸ್ ದೊಡ್ಡ ಟಿ ಓಡಿಸು, ಅದು ಕೊನೆಗೆ ಉಳಿದ ಪಟ್ಟಿ ಕೊಡುತ್ತದೆ, ಅದರಲ್ಲಿ ಪಾಸ್‌ವರ್ಡ್ ಅನ್ನುವ ಸಾಲುಗಳನ್ನು ಗ್ರೆಪ್‌ನಿಂದ ಹುಡುಕು ಅಂದೆ. ಪಾಸ್‌ವರ್ಡ್‌ಆಥೆಂಟಿಕೇಶನ್, ಎಲ್ಲ ಸಣ್ಣ ಅಕ್ಷರದಲ್ಲಿ, ಮುಂದೆ 'ಯಸ್'. ಅಂದರೆ ಅವನ ಫೈಲಿಗಿಂತ ಮೊದಲು ಬೇರೆ ಯಾರೋ 'ಯಸ್' ಅಂದಿದ್ದಾರೆ. ಕಾನ್ಫಿಗ್ ಫೈಲಿನ ತಲೆಯಲ್ಲೇ ಒಂದು 'ಇನ್‌ಕ್ಲೂಡ್' ಸಾಲು ಇರುತ್ತದೆ ನೋಡಿ, ಪಕ್ಕದ ಡಾಟ್ ಡಿ ಫೋಲ್ಡರ್‌ನಲ್ಲಿರುವ ಎಲ್ಲ ಕಾನ್ಫ್ ಫೈಲ್‌ಗಳನ್ನೂ ಒಳಗೆ ತಗೋ ಅಂತ. ಆ ಸೌಲಭ್ಯ ಓಪನ್‌ಎಸ್‌ಎಸ್‌ಎಚ್‌ಗೆ ಬಂದದ್ದು 2020ರ 8.2 ಆವೃತ್ತಿಯಲ್ಲಿ, ಹಳೆಯ ಪಾಠಗಳಲ್ಲಿ ಅದರ ಸುದ್ದಿಯೇ ಇರುವುದಿಲ್ಲ. ಆ ಫೋಲ್ಡರ್ ಒಳಗೆ 50-ಕ್ಲೌಡ್-ಇನಿಟ್ ಅಂತ ಒಂದು ಪುಟ್ಟ ಫೈಲ್ ಇತ್ತು, ಹೊಸ ಸರ್ವರ್ ಸಿದ್ಧ ಮಾಡುವ ಕ್ಲೌಡ್-ಇನಿಟ್ ಅನ್ನುವ ಸಾಫ್ಟ್‌ವೇರ್, ಸರ್ವರ್ ಮೊದಲ ಸಲ ಎದ್ದಾಗ ತಾನೇ ಬರೆದದ್ದು. ಒಳಗೆ ಇದ್ದದ್ದು ಒಂದೇ ಸಾಲು. ಆ ಸಾಲು ಮೊದಲು ಬಂತು, ಗೆದ್ದಿತು. ಹುಡುಗನ ಸಾಲು ಹತ್ತಾರು ಸಾಲು ಕೆಳಗಿತ್ತು.

ಕ್ಲೌಡ್-ಇನಿಟ್ ಫೈಲನ್ನು ಅಳಿಸಿದರೂ ಆಗುತ್ತದೆ, ಆದರೆ ಅದು ಇನ್ನೊಬ್ಬರು ಬರೆಯುವ ಫೈಲ್, ಯಾವತ್ತಾದರೂ ಮತ್ತೆ ಹುಟ್ಟಬಹುದು. ಅದರ ಪಕ್ಕದಲ್ಲೇ 00 ಅಂತ ಶುರುವಾಗುವ ಹೆಸರಿನಲ್ಲಿ ನಮ್ಮದೊಂದು ಫೈಲ್ ಇಡುವುದು ವಾಸಿ. ಹೆಸರಿನ ಕ್ರಮದಲ್ಲಿ ಓದುವುದರಿಂದ ನಮ್ಮದೇ ಮೊದಲು ಬರುತ್ತದೆ. ಮುಖ್ಯ ಫೈಲನ್ನು ಮುಟ್ಟುವ ಅಗತ್ಯವೂ ಇಲ್ಲ, ಪ್ಯಾಕೇಜ್ ಅಪ್‌ಡೇಟ್ ಆದಾಗ "ನಿಮ್ಮ ಫೈಲ್ ಇಟ್ಟುಕೊಳ್ಳಲಾ, ಹೊಸದು ಹಾಕಲಾ" ಅನ್ನುವ ಪ್ರಶ್ನೆಯೂ ಬರುವುದಿಲ್ಲ.

ಉಬುಂಟುವಿನಲ್ಲೇ ಇದಕ್ಕೆ ಹತ್ತಿರದ ಇನ್ನೊಂದು ವಿಷಯ. 22.10 ಆವೃತ್ತಿಯಿಂದ ಎಸ್‌ಎಸ್‌ಎಚ್ ಪೋರ್ಟನ್ನು ಹಿಡಿದು ಕೂರುವುದು ಸಿಸ್ಟಮ್‌ಡಿಯ (ಸರ್ವರ್‌ನ ಸರ್ವಿಸ್‌ಗಳನ್ನು ಎಬ್ಬಿಸಿ ನಡೆಸುವ ಸಾಫ್ಟ್‌ವೇರ್‌ನ) ಸಾಕೆಟ್. 24.04ರಲ್ಲಿ ಪೋರ್ಟ್ ನಂಬರ್ ಬದಲಾಯಿಸಿ ಎಸ್‌ಎಸ್‌ಎಚ್ ಸರ್ವಿಸ್ ಮಾತ್ರ ರೀಸ್ಟಾರ್ಟ್ ಮಾಡಿದರೆ ಸಾಲದು, ಡೀಮನ್-ರೀಲೋಡ್ ಮಾಡಿ ಸಾಕೆಟ್ ಯೂನಿಟ್ಟನ್ನೂ ರೀಸ್ಟಾರ್ಟ್ ಮಾಡಬೇಕು.

00 ಹಾಕಿದರೆ ಗೆಲ್ಲುತ್ತದೆ ಅಂತ ಕಲಿತವರು ಅದನ್ನೇ ಎಲ್ಲ ಕಡೆ ಹಾಕಿದರೆ ಮತ್ತೆ ತೊಂದರೆ. ಕರ್ನಲ್ ಸೆಟ್ಟಿಂಗ್‌ಗಳ ಸಿಸ್‌ಸಿಟಿಎಲ್ ಡಾಟ್ ಡಿ ಫೋಲ್ಡರ್ ನೋಡಿ. ಅಲ್ಲೂ ಹೆಸರಿನ ಕ್ರಮವೇ, ಆದರೆ ಕೊನೆಯದ್ದು ಗೆಲ್ಲುತ್ತದೆ. ಅದಕ್ಕೇ ಅಲ್ಲಿ ಎಲ್ಲರೂ 99 ಅಂತ ಇಡುವುದು. ಸಿಸ್‌ಸಿಟಿಎಲ್‌ಗೆ 'ಸಿಸ್ಟಮ್' ಅನ್ನುವ ಆಪ್ಷನ್ ಕೊಟ್ಟು ಓಡಿಸಿದರೆ ಯಾವ ಫೈಲನ್ನು ಯಾವ ಕ್ರಮದಲ್ಲಿ ಹಾಕುತ್ತಿದೆ ಅಂತ ಒಂದೊಂದಾಗಿ ತೋರಿಸುತ್ತದೆ. ಸಾಮಾನ್ಯ ಯೂಸರ್‌ಗೆ ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸಲು ಬಿಡುವ ಸುಡೋ ನಿಯಮಗಳಲ್ಲೂ ಕೊನೆಗೆ ಹೊಂದಿದ ಸಾಲೇ ನಡೆಯುವುದು. ಸುಡೋದಲ್ಲಿ ಇನ್ನೊಂದು ವಿಚಿತ್ರ ಇದೆ. ಸುಡೋಅರ್ಸ್ ಡಾಟ್ ಡಿ ಫೋಲ್ಡರ್‌ನಲ್ಲಿ ಹೆಸರಿನ ಮಧ್ಯೆ ಚುಕ್ಕಿ ಇರುವ ಫೈಲನ್ನು ಅದು ಓದುವುದೇ ಇಲ್ಲ. ಡಾಟ್ ಕಾನ್ಫ್ ಅಂತ ನೀಟಾಗಿ ಹೆಸರಿಟ್ಟಿರಿ ಅಂದರೆ ಆ ಫೈಲ್ ಇದ್ದೂ ಇಲ್ಲದ ಹಾಗೆ. ಎಸ್‌ಎಸ್‌ಎಚ್‌ಡಿ ಫೋಲ್ಡರ್‌ನಲ್ಲಿ ಡಾಟ್ ಕಾನ್ಫ್ ಇಲ್ಲದಿದ್ದರೆ ಓದುವುದಿಲ್ಲ, ಇಲ್ಲಿ ಇದ್ದರೆ ಓದುವುದಿಲ್ಲ. ಒಬ್ಬ ಯೂಸರ್‌ಗೆ ಕೊನೆಗೆ ಏನೇನು ಅನುಮತಿ ಉಳಿದಿದೆ ಅಂತ ನೋಡಲು ಸುಡೋ ಮೈನಸ್ ಎಲ್ ಇದೆ.

ಸಿಸ್ಟಮ್‌ಡಿ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪ್ಯಾಕೇಜ್ ಕೊಟ್ಟ ಯೂನಿಟ್ ಫೈಲನ್ನು ತಿದ್ದಬೇಡಿ, ಸಿಸ್ಟಮ್‌ಸಿಟಿಎಲ್ ಎಡಿಟ್ ಬಳಸಿ. ಅದು ಇಟಿಸಿ ಒಳಗೆ ಓವರ್‌ರೈಡ್ ಅಂತ ಪುಟ್ಟ ಫೈಲ್ ಮಾಡುತ್ತದೆ. ಓಡಿಸುವ ಕಮಾಂಡ್ ಬದಲಾಯಿಸುವುದಿದ್ದರೆ ಎಕ್ಸೆಕ್‌ಸ್ಟಾರ್ಟ್ ಸಾಲನ್ನು ಮೊದಲು ಖಾಲಿ ಬರೆದು ಆಮೇಲೆ ಹೊಸದು ಬರೆಯಬೇಕು. ಎಲ್ಲ ತುಂಡುಗಳನ್ನು ಅವುಗಳ ದಾರಿ ಸಮೇತ ಒಟ್ಟಿಗೆ ನೋಡಲು ಸಿಸ್ಟಮ್‌ಸಿಟಿಎಲ್ ಕ್ಯಾಟ್.

ಒಂದೇ ಮಶೀನ್ ಬಿಟ್ಟು ಹತ್ತಾರು ಸರ್ವರ್ ಒಟ್ಟಿಗೆ ನೋಡುವಾಗ, ಎಲ್ಲದರ ಮೇಲೂ ಒಂದೇ ಸಲ ಕೆಲಸ ಓಡಿಸುವ ಆನ್ಸಿಬಲ್ ಬರುತ್ತದೆ. ಮೈಕೆಲ್ ಡಿಹಾನ್ 2012ರಲ್ಲಿ ಶುರು ಮಾಡಿದ್ದು, 2015ರಲ್ಲಿ ರೆಡ್ ಹ್ಯಾಟ್ ಕೊಂಡುಕೊಂಡಿತು. ಇದರ ಕಾನ್ಫಿಗ್ ಫೈಲ್ ಹುಡುಕುವ ದಾರಿ ಹೀಗಿದೆ: ಮೊದಲು ಆನ್ಸಿಬಲ್ ಕಾನ್ಫಿಗ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ ಹೇಳಿದ ಫೈಲ್, ಆಮೇಲೆ ನೀವು ನಿಂತಿರುವ ಫೋಲ್ಡರ್‌ನ ಫೈಲ್, ಆಮೇಲೆ ಹೋಮ್‌ನಲ್ಲಿ ಅಡಗಿರುವ ಚುಕ್ಕಿ ಫೈಲ್, ಕೊನೆಗೆ ಇಟಿಸಿ ಒಳಗಿನದ್ದು. ಇಲ್ಲಿ ನೆನಪಿಡಬೇಕಾದದ್ದು, ಮೊದಲು ಸಿಕ್ಕ ಫೈಲ್ ಒಂದನ್ನೇ ಅದು ಓದುತ್ತದೆ. ಉಳಿದವನ್ನು ಸೇರಿಸಿಕೊಳ್ಳುವುದಿಲ್ಲ. ಹೋಮ್ ಫೈಲ್‌ನಲ್ಲಿ ಎಂಟು ಒಳ್ಳೆಯ ಸೆಟ್ಟಿಂಗ್ ಇಟ್ಟುಕೊಂಡು, ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಒಂದೇ ಸಾಲಿನ ಫೈಲ್ ಮಾಡಿದರೆ ಆ ಎಂಟೂ ಹೋಯಿತು. ಎಸ್‌ಎಸ್‌ಎಚ್ ಹಾಗಲ್ಲ, ಅದು ಎರಡೂ ಫೈಲ್ ಓದಿ ಒಂದೊಂದು ಸೆಟ್ಟಿಂಗಿಗೂ ಬೇರೆ ಬೇರೆಯಾಗಿ ತೀರ್ಮಾನ ಮಾಡುತ್ತದೆ. ಒಂದರ ಅಭ್ಯಾಸ ಇನ್ನೊಂದಕ್ಕೆ ತಂದರೆ ಕೆಡುತ್ತದೆ.

ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿಕೊಂಡು ಕಲಿಯುವವರಿಗೆ ಒಂದು ಮಾತು, ಇಲ್ಲಿಯ ಕಾಲೇಜುಗಳಲ್ಲಿ ಹೆಚ್ಚಿನವರು ಹಾಗೇ ಕಲಿಯುವುದು. ಪ್ರಾಜೆಕ್ಟನ್ನು ಸಿ ಡ್ರೈವ್‌ನಲ್ಲಿ ಇಟ್ಟರೆ ಲಿನಕ್ಸ್ ಕಡೆಯಿಂದ ಆ ಫೋಲ್ಡರ್ ಎಲ್ಲರೂ ಬರೆಯಬಹುದಾದ ಫೋಲ್ಡರ್ ಥರ ಕಾಣುತ್ತದೆ. ಅಂಥ ಫೋಲ್ಡರ್‌ನಲ್ಲಿರುವ ಕಾನ್ಫಿಗ್ ಫೈಲನ್ನು ಆನ್ಸಿಬಲ್ ನಂಬುವುದಿಲ್ಲ, ಒಂದು ಎಚ್ಚರಿಕೆ ಸಾಲು ಬರೆದು ಪಕ್ಕಕ್ಕಿಡುತ್ತದೆ. ಯಾರು ಬೇಕಾದರೂ ಬಂದು ಅದರಲ್ಲಿ ಏನನ್ನಾದರೂ ಬರೆದಿಟ್ಟು ನಿಮ್ಮ ಕೈಯಲ್ಲಿ ಓಡಿಸಬಹುದಲ್ವಾ, ಆ ಭಯ ನ್ಯಾಯವಾದದ್ದೇ. ಪ್ರಾಜೆಕ್ಟನ್ನು ಲಿನಕ್ಸ್ ಕಡೆಯ ಹೋಮ್ ಫೋಲ್ಡರ್‌ಗೆ ತನ್ನಿ, ಸರಿಹೋಗುತ್ತದೆ. ಮೈಎಸ್‌ಕ್ಯೂಎಲ್ ಕೂಡ ಎಲ್ಲರೂ ಬರೆಯಬಹುದಾದ ಕಾನ್ಫಿಗ್ ಫೈಲನ್ನು ಓದುವುದಿಲ್ಲ. ಎಸ್‌ಎಸ್‌ಎಚ್ ಇನ್ನೂ ಖಡಕ್, ಡಾಟ್ ಎಸ್‌ಎಸ್‌ಎಚ್ ಒಳಗಿನ ಕಾನ್ಫಿಗ್ ಫೈಲಿನ ಪರ್ಮಿಷನ್ ಸಡಿಲ ಇದ್ದರೆ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಅದನ್ನು 600, ಅಂದರೆ ನೀವು ಮಾತ್ರ ಓದಿ ಬರೆಯುವ ಹಾಗೆ, ಮಾಡಿಡಿ.

ಆನ್ಸಿಬಲ್ ಯಾವ ಫೈಲ್ ಹಿಡಿದಿದೆ ಅನ್ನೋದು 'ವರ್ಷನ್' ಆಪ್ಷನ್ ಕೊಟ್ಟರೆ ಗೊತ್ತಾಗುತ್ತದೆ, ಎರಡನೇ ಸಾಲಿನಲ್ಲೇ ಕಾನ್ಫಿಗ್ ಫೈಲ್ ಅಂತ ಬರೆದಿರುತ್ತದೆ. ಅದಕ್ಕಿಂತ ಒಳ್ಳೆಯದು ಆನ್ಸಿಬಲ್-ಕಾನ್ಫಿಗ್ ಡಂಪ್, ಅದರ ಜೊತೆ 'ಓನ್ಲಿ-ಚೇಂಜ್ಡ್' ಆಪ್ಷನ್. ಡೀಫಾಲ್ಟ್‌ನಿಂದ ಬದಲಾದವನ್ನಷ್ಟೇ ತೋರಿಸುತ್ತದೆ, ಪ್ರತಿಯೊಂದರ ಪಕ್ಕ ಅದು ಫೈಲಿನಿಂದ ಬಂತೋ ಎನ್ವಿರಾನ್‌ಮೆಂಟ್‌ನಿಂದ ಬಂತೋ ಅಂತಲೂ ಬರೆದಿರುತ್ತದೆ. ಎಲ್ಲ ಟೂಲ್‌ಗಳೂ ಹೀಗೇ ಹೇಳಬೇಕು ಅನ್ನೋದು ನನ್ನ ಆಸೆ.

ಕೈಯಲ್ಲಿ ಟೈಪ್ ಮಾಡಿದ ಆಪ್ಷನ್ ಎಲ್ಲ ಕಡೆ ಗೆಲ್ಲುವುದಿಲ್ಲ ಅಂದೆನಲ್ಲ, ಈಗ ಆ ತಲೆಕೆಳಗಾದ ವಿಷಯ. ಆನ್ಸಿಬಲ್‌ಗೆ ಮೈನಸ್ ಯು ಅಂತ ಆಪ್ಷನ್ ಇದೆ, ಯಾವ ಯೂಸರ್ ಆಗಿ ಹೋಗಬೇಕು ಅಂತ ಹೇಳಲು. ಇನ್ವೆಂಟರಿಯಲ್ಲಿ (ಸರ್ವರ್‌ಗಳ ಪಟ್ಟಿ ಇರುವ ಫೈಲ್‌ನಲ್ಲಿ) ಒಂದು ಸರ್ವರ್‌ಗೆ ಆನ್ಸಿಬಲ್ ಯೂಸರ್ ಉಬುಂಟು ಅಂತ ಬರೆದಿದ್ದು, ನೀವು ಕಮಾಂಡ್‌ನಲ್ಲಿ ಮೈನಸ್ ಯು ಡೆಪ್ಲಾಯ್ ಅಂತ ಕೊಟ್ಟರೆ, ಅದು ಉಬುಂಟು ಆಗಿಯೇ ಹೋಗುತ್ತದೆ. ಕೈಯಾರೆ ಟೈಪ್ ಮಾಡಿದ್ದು ಸೋಲುತ್ತದೆ! ಯಾಕೆಂದರೆ ಇಲ್ಲಿ ಕಾನ್ಫಿಗ್ ಫೈಲಿಗಿಂತ ಕಮಾಂಡ್ ಆಪ್ಷನ್ ಮೇಲು, ಅದಕ್ಕಿಂತ ಪ್ಲೇಬುಕ್‌ನಲ್ಲಿ (ಮಾಡಬೇಕಾದ ಕೆಲಸಗಳನ್ನು ಬರೆದಿಡುವ ಫೈಲ್‌ನಲ್ಲಿ) ಬರೆದ ಕೀವರ್ಡ್ ಮೇಲು, ಅದಕ್ಕಿಂತ ವೇರಿಯಬಲ್ ಮೇಲು. ಆನ್ಸಿಬಲ್ ಯೂಸರ್ ಅನ್ನೋದು ವೇರಿಯಬಲ್. ಅದನ್ನು ಸೋಲಿಸಬೇಕಾದರೆ ಮೈನಸ್ ಇ ಆಪ್ಷನ್ ಮೂಲಕ ಅದೇ ವೇರಿಯಬಲ್‌ಗೆ ಡೆಪ್ಲಾಯ್ ಅಂತ ಕೊಡಬೇಕು. ಮೈನಸ್ ಇ ಎಲ್ಲ ವೇರಿಯಬಲ್‌ಗಳಿಗಿಂತ ಮೇಲೆ ಕೂತಿದೆ. ವೇರಿಯಬಲ್‌ಗಳದ್ದೇ 22 ಮೆಟ್ಟಿಲಿನ ಪಟ್ಟಿ ಇದೆ, ಅದನ್ನು ಬಾಯಿಪಾಠ ಮಾಡುವುದು ಬೇಡ. ಒಂದು ವೇರಿಯಬಲ್ಲನ್ನು ಒಂದೇ ಕಡೆ ಬರೆಯುವ ಶಿಸ್ತು ಇಟ್ಟುಕೊಂಡರೆ ಆ ಪಟ್ಟಿಯ ಅಗತ್ಯವೇ ಬರುವುದಿಲ್ಲ. ಅನುಮಾನ ಬಂದರೆ ಆನ್ಸಿಬಲ್-ಇನ್ವೆಂಟರಿಗೆ 'ಹೋಸ್ಟ್' ಆಪ್ಷನ್ ಜೊತೆ ಸರ್ವರ್ ಹೆಸರು ಕೊಡಿ, ಇನ್ವೆಂಟರಿ ಕಡೆಯಿಂದ ಅದಕ್ಕೆ ಸೇರಿದ್ದೆಲ್ಲ ಬರುತ್ತದೆ.

ನಿಧಾನದ ನೆಟ್‌ನಲ್ಲಿ ಆನ್ಸಿಬಲ್ ಓಡಿಸುವವರಿಗೆ ಇನ್ನೊಂದು. ಎಸ್‌ಎಸ್‌ಎಚ್ ಆರ್ಗ್ಸ್ ಅನ್ನುವ ಸೆಟ್ಟಿಂಗ್ ಒಳಗೆ ಆನ್ಸಿಬಲ್ ತಾನಾಗಿಯೇ ಕಂಪ್ರೆಶನ್, ಕಂಟ್ರೋಲ್‌ಮಾಸ್ಟರ್, 60 ಸೆಕೆಂಡಿನ ಕಂಟ್ರೋಲ್‌ಪರ್ಸಿಸ್ಟ್ ಇಟ್ಟುಕೊಂಡಿರುತ್ತದೆ. ಜಂಪ್ ಸರ್ವರ್ ಸೇರಿಸೋಣ ಅಂತ ನೀವು ಆ ಸೆಟ್ಟಿಂಗನ್ನು ಬರೆದರೆ ನಿಮ್ಮದು ಅದಕ್ಕೆ ಸೇರಿಕೊಳ್ಳುವುದಿಲ್ಲ, ಅದರ ಜಾಗದಲ್ಲೇ ಕೂರುತ್ತದೆ. ಮೂರೂ ಸೌಲಭ್ಯ ಹೋಯಿತು, ಪ್ರತಿ ಟಾಸ್ಕ್‌ಗೂ ಹೊಸ ಸಂಪರ್ಕ, ಇದ್ದಕ್ಕಿದ್ದಂತೆ ಎಲ್ಲ ತೆವಳಲು ಶುರು. ಯಾವ ದೋಷವೂ ಪರದೆ ಮೇಲೆ ಬರುವುದಿಲ್ಲ, ಸುಮ್ನೆ ನಿಧಾನ ಆಗುತ್ತದೆ, ನಾವು ಮಳೆಯನ್ನೋ ನೆಟ್‌ವರ್ಕನ್ನೋ ಬೈಯುತ್ತಾ ಕೂರುತ್ತೇವೆ. ಸೇರಿಸಬೇಕಾದ್ದನ್ನು ಎಸ್‌ಎಸ್‌ಎಚ್ ಕಾಮನ್ ಆರ್ಗ್ಸ್‌ನಲ್ಲಿ ಬರೆಯಿರಿ, ಅದು ಇದ್ದುದರ ಜೊತೆ ಸೇರುತ್ತದೆ. ಇಲ್ಲವಾದರೆ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲ್‌ನಲ್ಲೇ ಪ್ರಾಕ್ಸಿಜಂಪ್ ಬರೆಯಿರಿ, ಆನ್ಸಿಬಲ್ ಓಡಿಸುವುದು ಅದೇ ಎಸ್‌ಎಸ್‌ಎಚ್ ಆದ್ದರಿಂದ ಆ ಫೈಲನ್ನೂ ಓದುತ್ತದೆ. ಜೊತೆಗೆ ಪೈಪ್‌ಲೈನಿಂಗ್ ಆನ್ ಮಾಡಿ, ಡೀಫಾಲ್ಟ್ ಆಗಿ ಅದು ಆಫ್ ಇರುತ್ತದೆ. ಪ್ರತಿ ಟಾಸ್ಕ್‌ಗೆ ಫೈಲ್ ಕಳಿಸಿ ಓಡಿಸುವ ಬದಲು ನೇರವಾಗಿ ಹರಿಸುತ್ತದೆ, ಓಡಾಟ ಕಡಿಮೆ ಆಗುತ್ತದೆ. ನಮ್ಮಂಥ ಕಡೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಯಾವುದು ಆಪ್ಷನ್ ಆಗಿರಬೇಕು, ಯಾವುದು ಫೈಲ್‌ನಲ್ಲಿರಬೇಕು ಅಂತ ಕೇಳುತ್ತಾರೆ. ಇವತ್ತಿಗೆ ಮಾತ್ರ ನಿಜವಾದದ್ದು ಆಪ್ಷನ್. ಈ ಸಲ ಒಂದೇ ಸರ್ವರ್ ಮೇಲೆ ಓಡಲಿ, ಈ ಸಲ ಚೆಕ್ ಮಾತ್ರ ಮಾಡಲಿ, ಡಿಫ್ ತೋರಿಸಲಿ, ಇವೆಲ್ಲ ಆಪ್ಷನ್. ನಾಳೆ ಇನ್ನೊಬ್ಬರು ಕೂತರೂ ನಿಜವಾಗಿರಬೇಕಾದದ್ದು ಪ್ರಾಜೆಕ್ಟ್ ಫೈಲ್, ಅದು ಗಿಟ್ (ಫೈಲುಗಳ ಬದಲಾವಣೆಯ ಲೆಕ್ಕ ಇಡುವ ಟೂಲ್) ಒಳಗೆ ಇರಬೇಕು. ಏಳು ಆಪ್ಷನ್ ಸೇರಿಸಿ ತಮ್ಮ ಶೆಲ್‌ನಲ್ಲಿ ಒಂದು ಏಲಿಯಾಸ್ (ಉದ್ದದ ಕಮಾಂಡಿಗೆ ಇಟ್ಟ ಚಿಕ್ಕ ಹೆಸರು) ಮಾಡಿಕೊಂಡು ಅದನ್ನೇ ನಂಬಿ ಬದುಕುವವರನ್ನು ನೋಡಿದ್ದೇನೆ. ಅವರು ರಜೆ ಹಾಕಿದ ದಿನ ಆ ಏಳು ಆಪ್ಷನ್ ಏನು ಅಂತ ಯಾರಿಗೂ ಗೊತ್ತಿರುವುದಿಲ್ಲ. ಸ್ಕ್ರಿಪ್ಟ್ ಒಳಗೆ ಬರೆಯುವಾಗ ಒಂದಕ್ಷರದ ಆಪ್ಷನ್ ಬದಲು ಪೂರ್ತಿ ಹೆಸರಿನದ್ದು ಬರೆಯಿರಿ. ಮೈನಸ್ ಎಲ್ ಅಂದರೆ ಒಂದು ಟೂಲ್‌ನಲ್ಲಿ ಲಿಸ್ಟ್, ಇನ್ನೊಂದರಲ್ಲಿ ಲಿಮಿಟ್. 'ಲಿಮಿಟ್' ಅಂತ ಇಡೀ ಬರೆದರೆ ಓದುವವರು ತಡವರಿಸುವುದಿಲ್ಲ. ಪಾಸ್‌ವರ್ಡನ್ನು ಮಾತ್ರ ಯಾವತ್ತೂ ಆಪ್ಷನ್ ಆಗಿ ಕೊಡಬೇಡಿ. ಓಡುತ್ತಿರುವ ಕಮಾಂಡಿನ ಆಪ್ಷನ್‌ಗಳು ಪಿಎಸ್ (ಏನೇನು ಓಡುತ್ತಿದೆ ಅಂತ ತೋರಿಸುವ ಕಮಾಂಡ್) ಹೊಡೆದರೆ ಅದೇ ಮಶೀನಿನ ಬೇರೆಯವರಿಗೂ ಸಾಮಾನ್ಯವಾಗಿ ಕಾಣುತ್ತವೆ, ನಿಮ್ಮ ಶೆಲ್ ಹಿಸ್ಟರಿಯಲ್ಲೂ ಉಳಿಯುತ್ತವೆ.

ನನಗೆ ನಿಜಕ್ಕೂ ಸಿಟ್ಟು ಬರಿಸುವ ಒಂದು ಸಾಲಿದೆ. ಆನ್ಸಿಬಲ್ ಫೈಲ್‌ನಲ್ಲಿ ಹೋಸ್ಟ್ ಕೀ ಚೆಕಿಂಗ್ 'ಫಾಲ್ಸ್'. ಎಲ್ಲ ಪಾಠಗಳಲ್ಲೂ ಇದನ್ನು ಬರೆದಿರುತ್ತಾರೆ, ಎಲ್ಲರೂ ಕಾಪಿ ಮಾಡುತ್ತಾರೆ. ಆ ಕಡೆ ಇರುವುದು ನಿಮ್ಮ ಸರ್ವರ್ರೇ ಹೌದಾ ಅಂತ ನೋಡುವ ಕೆಲಸವನ್ನೇ ನಿಲ್ಲಿಸುವ ಸಾಲು ಅದು. ಹೊಸ ಸರ್ವರ್‌ಗೆ ಪ್ರತಿ ಸಲ ಯಸ್ ಅಂತ ಹೊಡೆಯುವುದು ಬೇಜಾರು ಅನ್ನುವುದಾದರೆ 2017ರ 7.6 ಆವೃತ್ತಿಯಿಂದ ಎಸ್‌ಎಸ್‌ಎಚ್‌ನಲ್ಲೇ ಸ್ಟ್ರಿಕ್ಟ್‌ಹೋಸ್ಟ್‌ಕೀಚೆಕಿಂಗ್‌ಗೆ 'ಅಕ್ಸೆಪ್ಟ್-ನ್ಯೂ' ಅಂತ ವ್ಯಾಲ್ಯೂ ಇದೆ. ಹೊಸದನ್ನು ಕೇಳದೆ ಒಪ್ಪುತ್ತದೆ, ಹಳೆಯದರ ಕೀ ಬದಲಾಗಿದ್ದರೆ ಮಾತ್ರ ಬಾಗಿಲು ಹಾಕುತ್ತದೆ. ಇದನ್ನು ಬಳಸಿ.

ಕೊನೆಯದಾಗಿ, ಮಳೆ ಸುರಿಯುವ ದಿನ ದೂರದ ಸರ್ವರ್‌ನ ಎಸ್‌ಎಸ್‌ಎಚ್‌ಡಿ ಸೆಟ್ಟಿಂಗ್ ಬದಲಾಯಿಸಲೇಬೇಕಾಗಿ ಬಂದರೆ ನಾನು ಮಾಡುವ ಕ್ರಮ. ಈಗಿನ ಮೈನಸ್ ದೊಡ್ಡ ಟಿ ಪಟ್ಟಿಯನ್ನು ಒಂದು ಫೈಲಿಗೆ ಉಳಿಸುತ್ತೇನೆ. ಟಿಮಕ್ಸ್ ಒಳಗೆ ಒಂದು ಕಿಟಕಿ ತೆರೆದೇ ಇಟ್ಟಿರುತ್ತೇನೆ, ಎಸ್‌ಎಸ್‌ಎಚ್‌ಡಿ ರೀಸ್ಟಾರ್ಟ್ ಆದರೂ ಈಗಾಗಲೇ ಒಳಗಿರುವವರ ಸಂಪರ್ಕ ಹೋಗುವುದಿಲ್ಲ. ಆದರೆ ಆ ಕಿಟಕಿಯನ್ನು ಮಳೆ ಕಡಿಯಬಹುದು, ಆದ್ದರಿಂದ ಫೈಲ್ ಮುಟ್ಟುವ ಮೊದಲೇ ಸಿಸ್ಟಮ್‌ಡಿ-ರನ್‌ಗೆ 'ಆನ್-ಆಕ್ಟಿವ್' ಆಪ್ಷನ್‌ನಲ್ಲಿ 10 ನಿಮಿಷ ಕೊಟ್ಟು, ನಾನು ಸೇರಿಸಲಿರುವ ಫೈಲನ್ನು ತೆಗೆದು ಎಸ್‌ಎಸ್‌ಎಚ್ ರೀಲೋಡ್ ಮಾಡುವ ಒಂದು ಟೈಮರ್ ಹೂಡಿಡುತ್ತೇನೆ. ನಾನು ಹೊರಗೆ ಸಿಕ್ಕಿಹಾಕಿಕೊಂಡರೆ 10 ನಿಮಿಷಕ್ಕೆ ಸರ್ವರ್ ತಾನೇ ಹಳೆಯ ಸ್ಥಿತಿಗೆ ಬರುತ್ತದೆ. ಆಮೇಲೆ 00 ಫೈಲ್ ಬರೆದು, ಮೈನಸ್ ಸಣ್ಣ ಟಿ ಕೊಟ್ಟು ತಪ್ಪಿದೆಯಾ ಅಂತ ನೋಡಿ, ಮತ್ತೆ ದೊಡ್ಡ ಟಿ ಕೊಟ್ಟು ಉಳಿಸಿದ ಪಟ್ಟಿಯ ಜೊತೆ ಡಿಫ್ ಮಾಡಿ, ಆಮೇಲಷ್ಟೇ ರೀಲೋಡ್. ಪರೀಕ್ಷೆಗೆ ಹೊಸ ಕಿಟಕಿಯಿಂದ ಹೋಗುವಾಗ ಕಂಟ್ರೋಲ್‌ಪಾತ್ 'ನನ್' ಕೊಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಹಳೆಯ ಮಾಸ್ಟರ್ ಒಳಗಿಂದಲೇ ನುಸುಳಿ "ಲಾಗಿನ್ ಆಯ್ತು" ಅಂತ ಅಂದುಕೊಳ್ಳುತ್ತೀರಿ, ಹೊಸ ಸೆಟ್ಟಿಂಗ್ ಪರೀಕ್ಷೆಯೇ ಆಗಿರುವುದಿಲ್ಲ. ನಿಜವಾದ ಹೊಸ ಲಾಗಿನ್ ಆದ ಮೇಲೆ ಸಿಸ್ಟಮ್‌ಸಿಟಿಎಲ್ ಸ್ಟಾಪ್ ಕೊಟ್ಟು ಆ ಟೈಮರ್ ನಿಲ್ಲಿಸಿ.